ಫಿಜಿಗೆ ಹೊರಡುವ ಮೊದಲು ಪೆಟ್ಟಿಗೆ ತೆರೆದು ನೋಡಿ

ನನ್ನ ದವಾಖಾನೆಗೆ ಹತ್ತು ವರ್ಷಗಳಿಂದ ಬರುತ್ತಿರುವ ಒಬ್ಬ ಖಾಲಾ ಇದ್ದಾರೆ. ವಯಸ್ಸು ಅರವತ್ತೈದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಮಂಡಿ ನೋವಿಗೆ ನನ್ನ ಬಳಿ ಬರುತ್ತಾರೆ. ಅವರ ಮಗ ಪೆಸಿಫಿಕ್ ಸಾಗರದ ಫಿಜಿ ದೇಶದಲ್ಲಿ, ಸುವಾ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾನೆ. ಸೊಸೆಗೆ ಹೆರಿಗೆ ಹತ್ತಿರವಾಗಿದೆ. "ಎರಡು ತಿಂಗಳು ಅಲ್ಲೇ ಇರ್ತೀನಿ ಡಾಕ್ಟರ್ ಸಾಬ್, ಅಷ್ಟು ದಿನಕ್ಕಾಗುವಷ್ಟು ಔಷಧಿ ಕಟ್ಟಿಕೊಡಿ" ಎಂದು ಬಂದರು. ಕೈಯಲ್ಲಿ ಒಂದು ಪಟ್ಟಿ ಇತ್ತು: ಮಾಜೂನ್, ಜೋಷಾಂದದ ಪೊಟ್ಟಣ, ಕಲೋಂಜಿ, ಜೇನು, ಮಟನ್ ಉಪ್ಪಿನಕಾಯಿ, ಬಾಣಂತಿಗೆ ಮನೆಯ ತುಪ್ಪ, ಒಂದು ಕಟ್ಟು ಮಿಸ್ವಾಕ್.

ಪಟ್ಟಿ ನೋಡಿ ನನಗೆ ನನ್ನದೇ ಒಂದು ಹಳೆಯ ತಪ್ಪು ನೆನಪಾಯಿತು. ಕೆಲವು ವರ್ಷಗಳ ಹಿಂದೆ ವಿದೇಶಕ್ಕೆ ಹೊರಟಿದ್ದ ಒಬ್ಬ ಯುವಕನಿಗೆ ಮೂರು ತಿಂಗಳ ಸಫೂಫನ್ನು ಹೆಸರು, ಚೀಟಿ ಏನೂ ಇಲ್ಲದೆ ಕಾಗದದಲ್ಲಿ ಮಡಚಿ ಕೊಟ್ಟಿದ್ದೆ. ವಿಮಾನ ನಿಲ್ದಾಣದಲ್ಲಿ ಆ ಕಂದು ಪುಡಿಯನ್ನು ಕಂಡು ಅವನನ್ನು ಎರಡು ಗಂಟೆ ಕೂರಿಸಿದರು. ಕೊನೆಗೆ ಪುಡಿ ಕಸದ ಬುಟ್ಟಿಗೆ ಹೋಯಿತು. ತಪ್ಪು ಅವನದಲ್ಲ, ಬರೆದು ಕೊಡದ ನನ್ನದು. ಆದ್ದರಿಂದ ಈ ಬಾರಿ ಖಾಲಾಗೆ ಔಷಧಿ ಕಟ್ಟುವ ಮೊದಲು ಆ ದೇಶದ ನಿಯಮಗಳನ್ನು ಓದಿಕೊಂಡೆ. ಮಕ್ಕಳನ್ನು ನೋಡಲು ಹೊರದೇಶಕ್ಕೆ ಹೋಗುವ ತಂದೆ ತಾಯಂದಿರು ಈಗ ನಮ್ಮಲ್ಲಿ ಬಹಳ ಮಂದಿ ಇರುವುದರಿಂದ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರವೇಶದ ವಿಷಯ ಸುಲಭ. ಭಾರತದ ಪಾಸ್‌ಪೋರ್ಟ್ ಉಳ್ಳವರು ಫಿಜಿಗೆ ಮೊದಲೇ ವೀಸಾ ಪಡೆಯಬೇಕಾಗಿಲ್ಲ. ಅಲ್ಲಿ ಇಳಿದಾಗ ನಾಲ್ಕು ತಿಂಗಳವರೆಗಿನ ಸಂದರ್ಶಕ ಪರವಾನಗಿ ಸಿಗುತ್ತದೆ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು, ಹಿಂತಿರುಗುವ ಟಿಕೆಟ್ ಇರಬೇಕು, ಖರ್ಚಿಗೆ ಹಣ ಮತ್ತು ಉಳಿಯುವ ಮನೆಯ ವಿಳಾಸ ತೋರಿಸುವಂತಿರಬೇಕು. ತೊಂದರೆ ಬರುವುದು ದಾರಿಯಲ್ಲಿ. ನಮ್ಮಿಂದ ಅಲ್ಲಿಗೆ ನೇರ ವಿಮಾನವಿಲ್ಲ. ಸಿಂಗಾಪುರ, ಹಾಂಗ್‌ಕಾಂಗ್, ಸಿಡ್ನಿ ಅಥವಾ ಆಕ್ಲೆಂಡ್ ಮೂಲಕ ಹೋಗಬೇಕು. ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡ್ ದಾರಿ ಹಿಡಿಯುವವರು ಅಲ್ಲಿ ಬರೀ ವಿಮಾನ ಬದಲಿಸಲಿಕ್ಕೂ ಟ್ರಾನ್ಸಿಟ್ ವೀಸಾ ಬೇಕೇ ಎಂದು ಟಿಕೆಟ್ ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು. ಹತ್ತು ಸಾವಿರ ಫಿಜಿ ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ನಗದು ಒಯ್ದರೆ ಅದನ್ನೂ ಬರೆದು ತಿಳಿಸಬೇಕು. ವಿಮಾನ ಇಳಿಯುವ ಊರಿನ ಹೆಸರನ್ನು ಟಿಕೆಟ್ಟಿನಲ್ಲಿ 'ನಾಡಿ' ಎಂದು ಓದಿ, ದಿನವಿಡೀ ನಾಡಿ ಹಿಡಿಯುವ ನಾನು ನಕ್ಕುಬಿಟ್ಟೆ. ಅಲ್ಲಿನವರು ಅದನ್ನು ನಾಂದಿ ಎನ್ನುತ್ತಾರಂತೆ.

ಇಳಿಯುವ ಮೊದಲು ತುಂಬುವ ಪತ್ರದಲ್ಲಿ ಆಹಾರ, ಬೀಜ, ಗಿಡಮೂಲಿಕೆ, ಮರ, ಪ್ರಾಣಿಗಳಿಂದ ಬಂದ ವಸ್ತುಗಳನ್ನು ತಂದಿದ್ದೀರಾ ಎಂಬ ಪ್ರಶ್ನೆಗಳಿರುತ್ತವೆ. ನಮ್ಮವರು ಎಡವುವುದು ಇಲ್ಲಿಯೇ. ಕೇಳಿದರೆ ಕಿತ್ತುಕೊಳ್ಳುತ್ತಾರೆಂದು ಎಲ್ಲದಕ್ಕೂ 'ಇಲ್ಲ' ಎಂದು ಗುರುತು ಹಾಕಿಬಿಡುತ್ತೇವೆ. 'ಹೌದು' ಎಂದವರ ಚೀಲವನ್ನು ಅಧಿಕಾರಿಗಳು ತೆರೆದು ನೋಡುತ್ತಾರೆ, ಒಪ್ಪುವಂಥದ್ದನ್ನು ಹಿಂದಿರುಗಿಸುತ್ತಾರೆ, ಉಳಿದದ್ದನ್ನು ತೆಗೆದುಕೊಳ್ಳುತ್ತಾರೆ, ಅಷ್ಟೆ. 'ಇಲ್ಲ' ಎಂದು ಬರೆದು ಸಿಕ್ಕಿಬಿದ್ದವರು ದಂಡ ಕಟ್ಟಬೇಕು, ಮೊಕದ್ದಮೆಯೂ ಆಗಬಹುದು. ಅನುಮಾನವಿದ್ದರೆ 'ಹೌದು' ಎಂದೇ ಬರೆಯಿರಿ.

ಇಷ್ಟು ಬಿಗಿ ಏಕೆ ಎಂದು ಖಾಲಾ ಕೇಳಿದರು. ಆ ದ್ವೀಪಗಳ ಇತಿಹಾಸ ಗೊತ್ತಾದರೆ ಕೋಪ ಬರುವುದಿಲ್ಲ. 1875ರ ಜನವರಿಯಲ್ಲಿ ಫಿಜಿಯ ಮುಖ್ಯಸ್ಥ ಥಾಕೊಂಬೌ ಸಿಡ್ನಿಗೆ ಹೋಗಿದ್ದವನು 'ಡೈಡೊ' ಎಂಬ ಬ್ರಿಟಿಷ್ ಹಡಗಿನಲ್ಲಿ ಹಿಂತಿರುಗಿದ. ಅವನ ಪರಿವಾರಕ್ಕೆ ದಡಾರ ತಗುಲಿತ್ತು. ಹಡಗನ್ನು ಯಾರೂ ತಡೆಯಲಿಲ್ಲ. ಅವನನ್ನು ಕಾಣಲು ಬೇರೆ ಬೇರೆ ದ್ವೀಪಗಳಿಂದ ಬಂದ ಹಿರಿಯರು ರೋಗವನ್ನು ತಮ್ಮ ಊರುಗಳಿಗೆ ಹೊತ್ತು ಹೋದರು. ಕೆಲವೇ ತಿಂಗಳಲ್ಲಿ ಸುಮಾರು 40,000 ಜನ ಸತ್ತರು. ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ ಇಲ್ಲ. ದಡಾರವನ್ನು ಎಂದೂ ಕಾಣದ ಜನರಿಗೆ ಅದು ಮಕ್ಕಳ ಕಾಯಿಲೆಯಾಗಿ ಬರಲಿಲ್ಲ, ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದಾಗ ನೀರು ಕೊಡುವವರೂ ಇರಲಿಲ್ಲ.

ನಾಲ್ಕು ವರ್ಷಗಳ ನಂತರ, 1879ರ ಮೇ 14ರಂದು, ಕಲ್ಕತ್ತೆಯಿಂದ ಕಬ್ಬಿನ ತೋಟಗಳಿಗೆ ಕೂಲಿಯಾಳುಗಳನ್ನು ಹೊತ್ತ ಮೊದಲ ಹಡಗು 'ಲಿಯೊನಿಡಾಸ್' ಬಂತು. ಅದರಲ್ಲಿ ಕಾಲರಾ ಮತ್ತು ಸಿಡುಬು ಇತ್ತು. ಈ ಸಲ ಅವರು ಎಚ್ಚರಿದ್ದರು. ಬಂದವರನ್ನು ನೇರ ಊರಿಗೆ ಬಿಡದೆ ಯಾನುಥಾ ಲೈಲೈ ಎಂಬ ಪುಟ್ಟ ದ್ವೀಪದಲ್ಲಿ ಪ್ರತ್ಯೇಕವಾಗಿ ಇರಿಸಿದರು. ಕಾಯಿಲೆ ಊರಿಗೆ ಹರಡಲಿಲ್ಲ. ಮುಂದೆ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ಹಾಗೆಯೇ ಹೋದರು. ಇಂದಿನ ಫಿಜಿ ಮುಸ್ಲಿಮರಲ್ಲಿ ಹೆಚ್ಚಿನವರು ಅವರ ಮೊಮ್ಮಕ್ಕಳ ಮಕ್ಕಳು.

ಈಗ ಖಾಲಾರ ಪಟ್ಟಿಗೆ ಬರೋಣ. ಮಟನ್ ಉಪ್ಪಿನಕಾಯಿ ಮತ್ತು ತುಪ್ಪವನ್ನು ಮೊದಲು ಹೊಡೆದುಹಾಕಿದೆ. ನಮ್ಮಲ್ಲಿ ದನ ಕುರಿಗಳಿಗೆ ಕಾಲುಬಾಯಿ ರೋಗ ಇದೆ, ಫಿಜಿಯಲ್ಲಿ ಇಲ್ಲ. ಆ ರೋಗದ ವೈರಸ್ ಮಾಂಸ ಮತ್ತು ಹಾಲಿನ ಪದಾರ್ಥಗಳಲ್ಲಿ ಪ್ರಯಾಣ ಮಾಡಬಲ್ಲದು. ಹಾಲಿನ ಮಿಠಾಯಿ, ಕೋವಾ, ಒಣಮಾಂಸ ಎಲ್ಲಕ್ಕೂ ಇದೇ ಮಾತು. ಜೇನಿನಿಂದ ಜೇನುಹುಳಗಳ ಕಾಯಿಲೆ ದಾಟುತ್ತದೆ, ಅದೂ ಬೇಡ. ಜೇನು ಬೆರೆಸಿದ ಮಾಜೂನನ್ನು ಜೇನಿನಂತೆಯೇ ಲೆಕ್ಕ ಹಿಡಿಯಿರಿ. ಕಲೋಂಜಿ ಮೊಳೆಯಬಲ್ಲ ಬೀಜ, ಮಿಸ್ವಾಕ್ ಹಸಿ ಬೇರು. ಇವೆರಡನ್ನೂ ಬಚ್ಚಿಟ್ಟು ಒಯ್ಯುವಂತಿಲ್ಲ. ಒಯ್ಯಲೇಬೇಕೆಂದರೆ ಮುದ್ರಿತ ಪ್ಯಾಕೆಟ್ಟಿನ ಒಂದೆರಡು ಒಣ ಮಿಸ್ವಾಕ್ ಮಾತ್ರ ಇಟ್ಟುಕೊಂಡು ಪತ್ರದಲ್ಲಿ ಬರೆಯಿರಿ. ಹೋದರೆ ಹೋಗಲಿ ಎಂಬ ಮನಸ್ಸಿರಲಿ. ಚಪ್ಪಲಿ, ಬೂಟಿನ ಅಡಿಯ ಮಣ್ಣನ್ನೂ ಅವರು ನೋಡುತ್ತಾರೆ. ಹೊಲ, ಕೊಟ್ಟಿಗೆಗೆ ಹೋಗುವವರು ಬೂಟು ತೊಳೆದು ಒಣಗಿಸಿ ಇಡಿ.

ಜೋಷಾಂದದ ವಿಷಯದಲ್ಲಿ ನನ್ನದೇ ವೃತ್ತಿಯವರಿಗೂ ಒಂದು ಮಾತು. ಉನ್ನಾಬ್, ಸಪಿಸ್ತಾನ್, ಖತ್ಮಿ ಬೀಜಗಳನ್ನು ಇಡಿಯಾಗಿ ಕಟ್ಟಿದ ಪೊಟ್ಟಣ ಅಲ್ಲಿನ ಅಧಿಕಾರಿಗೆ ಬೀಜದ ಪೊಟ್ಟಣವೇ. ರೋಗಿಗೆ ಬೇಕೇಬೇಕಾದರೆ ಕಂಪನಿಯ ಮುದ್ರಿತ ಪೆಟ್ಟಿಗೆಯಲ್ಲಿರುವ ಮಾತ್ರೆ ಅಥವಾ ಕರಗುವ ಪುಡಿ ಕೊಡಿ, ಒಳಗಿನ ಮೂಲಿಕೆಗಳ ಇಂಗ್ಲಿಷ್ ಅಥವಾ ಲ್ಯಾಟಿನ್ ಹೆಸರನ್ನು ನಿಮ್ಮ ಚೀಟಿಯಲ್ಲಿ ಬರೆಯಿರಿ. ಕುಶ್ತಾಗಳನ್ನು ಕಳುಹಿಸಬೇಡಿ. ಭಸ್ಮ ಮಾಡಿದ ಲೋಹವನ್ನು ಪರದೇಶದಲ್ಲಿ ವಿವರಿಸುವುದು ಅರವತ್ತೈದರ ಹೆಂಗಸಿನ ಕೆಲಸವಲ್ಲ. ಎಲ್ಲಕ್ಕಿಂತ ಮುಖ್ಯ ಬರ್ಶಾಶಾ. ಹಳೆಯ ಕೆಮ್ಮು ನೆಗಡಿಗೆ ನಮ್ಮ ಹಿರಿಯರು ಕೊಡುತ್ತಿದ್ದ ಈ ಮಾಜೂನಿನ ಮೂಲ ಪಾಕದಲ್ಲಿ ಅಫೀಮು ಇದೆ. ಖಮೀರಾ ಖಶ್‌ಖಾಶ್‌ಗೆ ಬಳಸುವುದು ಗಸಗಸೆ ಗಿಡವನ್ನು. ನಮ್ಮ ಅಡುಗೆಮನೆಯ ಗಸಗಸೆಗೇ ಸಿಂಗಾಪುರದಲ್ಲಿ ನಿಷೇಧವಿದೆ, ದಾರಿಯಲ್ಲೇ ಸಿಕ್ಕಿಬೀಳುತ್ತೀರಿ. ಬಾಣಂತಿಗೆಂದು ಗಸಗಸೆ ಪಾಯಸದ ಸಾಮಾನು ಕಟ್ಟುವ ಅಜ್ಜಿಯರು ಇದನ್ನು ಗಮನಿಸಬೇಕು. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್, ನಿದ್ದೆ ಮಾತ್ರೆಗಳನ್ನೂ ವೈದ್ಯರ ಪತ್ರವಿಲ್ಲದೆ, ವಿಚಾರಿಸದೆ ಒಯ್ಯಬಾರದು.

ಇನ್ಸುಲಿನ್, ರಕ್ತದೊತ್ತಡದ ಮಾತ್ರೆಗಳು ಅಂಗಡಿಯ ಮೂಲ ಡಬ್ಬಿಯಲ್ಲೇ ಇರಲಿ, ಇಂಗ್ಲಿಷ್ ಚೀಟಿಯ ಎರಡು ಪ್ರತಿ ಇರಲಿ. ಇನ್ಸುಲಿನ್ ಕೈಚೀಲದಲ್ಲಿರಬೇಕು, ಸರಕಿನ ಕೋಣೆಯಲ್ಲಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಫಿಜಿ ನಮಗಿಂತ ಆರೂವರೆ ಗಂಟೆ ಮುಂದಿದೆ. ಪೂರ್ವಕ್ಕೆ ಹೋಗುವಾಗ ದಿನ ಚಿಕ್ಕದಾಗುತ್ತದೆ, ಎರಡು ಡೋಸ್ ಹತ್ತಿರ ಬಂದು ಸಕ್ಕರೆ ಕುಸಿಯಬಹುದು. ಖಾಲಾರನ್ನು ಇನ್ಸುಲಿನ್ ಬರೆದ ವೈದ್ಯರ ಬಳಿಗೇ ಕಳುಹಿಸಿದೆ. ಇದು ನನ್ನ ಅಂದಾಜಿಗೆ ಬಿಡುವ ವಿಷಯವಲ್ಲ. ಸೂಜಿಗಳನ್ನು ಎರಡು ತಿಂಗಳಿಗೆ ಸಾಕಾಗುವಷ್ಟು ಇಲ್ಲಿಂದಲೇ ಒಯ್ಯಲು ಹೇಳಿದ್ದೇನೆ. 2025ರ ಜನವರಿಯಲ್ಲಿ ಫಿಜಿ ಸರಕಾರ ಅಲ್ಲಿ ಎಚ್‌ಐವಿ ವೇಗವಾಗಿ ಹರಡುತ್ತಿದೆ ಎಂದು ಘೋಷಿಸಿದೆ. ಒಬ್ಬರ ಸೂಜಿ, ಬ್ಲೇಡು ಇನ್ನೊಬ್ಬರಿಗೆ ಬೇಡ. ಹಿಜಾಮಾ ಮಾಡಿಸುವವರು ಊರಿಗೆ ಬಂದ ಮೇಲೆ ಮಾಡಿಸಿಕೊಳ್ಳಿ.

ಲಸಿಕೆಯ ವಿಷಯದಲ್ಲಿ ಕಡ್ಡಾಯ ಒಂದೇ. ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ಹಳದಿ ಜ್ವರವಿರುವ ದೇಶಗಳಿಂದ ಬರುವವರು ಅದರ ಪ್ರಮಾಣಪತ್ರ ತೋರಿಸಬೇಕು. ಭಾರತದಿಂದ ನೇರ ಹೋಗುವವರಿಗೆ ಇದಿಲ್ಲ. ಕಡ್ಡಾಯವಲ್ಲದಿದ್ದರೂ ಬಿಡಬಾರದ ಲಸಿಕೆಗಳಿವೆ: ಟೈಫಾಯ್ಡ್, ಹೆಪಟೈಟಿಸ್ ಎ, ಟೆಟನಸ್. ಹಸುಗೂಸನ್ನು ಎತ್ತಿಕೊಳ್ಳಲು ಹೋಗುವ ಅಜ್ಜ ಅಜ್ಜಿಯರು ನಾಯಿಕೆಮ್ಮು ಮತ್ತು ಫ್ಲೂ ಲಸಿಕೆಯನ್ನೂ ಕೇಳಿ ಪಡೆಯಲಿ.

ಖಾಲಾರ ಜೊತೆಗೆ ಹಿರಿಯ ಮಗಳು ಮತ್ತು ಅವಳ ನಾಲ್ಕು ವರ್ಷದ ಹುಡುಗಿಯೂ ಹೊರಟಿದ್ದರು. ಮಗುವಿನ ಲಸಿಕೆ ಕಾರ್ಡ್ ತರಿಸಿ ನೋಡಿದೆ. ಒಂಬತ್ತು ತಿಂಗಳಿನ ದಡಾರ-ರುಬೆಲ್ಲಾ ಲಸಿಕೆ ಆಗಿತ್ತು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಕೊಡುವ ಎರಡನೆಯದು ಖಾಲಿ ಇತ್ತು. "ಮೊದಲನೆಯದಕ್ಕೇ ಜ್ವರ ಬಂತು, ಮತ್ತೆ ವಾಟ್ಸಾಪಿನಲ್ಲಿ ಏನೇನೋ ಬಂತು" ಎಂದಳು ತಾಯಿ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಈ ಲಸಿಕೆಯ ಅಭಿಯಾನ ಶುರುವಾದಾಗಲೂ ಇದೇ ಗಾಳಿಮಾತು ಹಬ್ಬಿತ್ತು. ಅವಳಿಗೆ ಫಿಜಿಯ ನೆರೆಯ ಸಮೋವಾ ದೇಶದ ಕಥೆ ಹೇಳಿದೆ. ಅಲ್ಲಿ 2018ರಲ್ಲಿ ಲಸಿಕೆ ಬೆರೆಸುವಾಗ ಆದ ತಪ್ಪಿನಿಂದ ಎರಡು ಕೂಸುಗಳು ತೀರಿಕೊಂಡವು. ತಪ್ಪು ಬೆರೆಸಿದವರದು, ಲಸಿಕೆಯದಲ್ಲ. ಆದರೆ ಜನ ಹೆದರಿ ಲಸಿಕೆ ಬಿಟ್ಟರು. ಮರುವರ್ಷ ದಡಾರ ಬಂತು. ಸುಮಾರು ಎರಡು ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ 83 ಮಂದಿ ಸತ್ತರು, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ನಾನು ಯುನಾನಿ ಓದಿದವನು, ದಡಾರಕ್ಕೆ ನಮ್ಮ ಗ್ರಂಥಗಳಲ್ಲಿ ಆರೈಕೆ ಇದೆ, ತಡೆಯುವ ಶಕ್ತಿ ಲಸಿಕೆಗೆ ಮಾತ್ರ. ನಾಳೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗು, ಆಮೇಲೆ ಟಿಕೆಟ್ ಎಂದೆ.

ಫಿಜಿಯಲ್ಲಿ ಮಲೇರಿಯಾ ಇಲ್ಲ. ಅದನ್ನು ಹರಡುವ ಅನಾಫಿಲಿಸ್ ಸೊಳ್ಳೆಯೇ ಅಲ್ಲಿಲ್ಲ. ಆದ್ದರಿಂದ ಮಲೇರಿಯಾ ಮಾತ್ರೆ ನುಂಗುತ್ತಾ ಹೋಗಬೇಡಿ. ಡೆಂಗ್ಯೂ ಮಾತ್ರ ಧಾರಾಳವಾಗಿದೆ, ಹಗಲು ಕಚ್ಚುವ ಸೊಳ್ಳೆ. ತುಂಬು ತೋಳಿನ ಬಟ್ಟೆ, ಡೀಟ್ ಇರುವ ಮುಲಾಮು ಬೇಕು. ಬೇವಿನೆಣ್ಣೆಯ ಮೇಲೆ ನನಗೂ ಅಭಿಮಾನವಿದೆ, ಆದರೆ ಬೇಗ ಆರಿಹೋಗುತ್ತದೆ. ಜ್ವರ ಬಂದರೆ ಪ್ಯಾರಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯವಿದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ನೆರೆ ಬಂದ ಮೇಲೆ ಕೆಸರುನೀರಿನಲ್ಲಿ ಬರಿಗಾಲಿನಲ್ಲಿ ನಡೆದರೆ ಇಲಿಜ್ವರ ಬರುತ್ತದೆ, ಕಾಲಿನಲ್ಲಿ ಗಾಯವಿರುವ ಸಕ್ಕರೆ ರೋಗಿಗಳಿಗಂತೂ ದುಪ್ಪಟ್ಟು ಅಪಾಯ. ಮಳೆಗಾಲದಲ್ಲಿ ನೀರು ಕುದಿಸಿಯೇ ಕುಡಿಯಿರಿ.

ಮೀನು ಪ್ರಿಯರಿಗೆ ಒಂದು ಎಚ್ಚರಿಕೆ. ಹವಳದ ಬಂಡೆಗಳ ಸುತ್ತ ಬದುಕುವ ದೊಡ್ಡ ಮೀನುಗಳಲ್ಲಿ, ಮುಖ್ಯವಾಗಿ ಬರ್ರಾಕುಡಾ ಮತ್ತು ದೊಡ್ಡ ಗ್ರೂಪರ್‌ಗಳಲ್ಲಿ, ಸಿಗ್ವಟೆರಾ ಎಂಬ ವಿಷ ಸೇರಿರಬಹುದು. ರುಚಿ, ವಾಸನೆಯಿಂದ ಗೊತ್ತಾಗುವುದಿಲ್ಲ, ಬೇಯಿಸಿದರೂ ಹುರಿದರೂ ಹೋಗುವುದಿಲ್ಲ. ವಾಂತಿ ಭೇದಿಯ ಜೊತೆಗೆ ತುಟಿ ಜುಮ್ಮೆನ್ನುವುದು, ತಣ್ಣೀರು ಮುಟ್ಟಿದರೆ ಸುಟ್ಟಂತಾಗುವುದು ಇದರ ಗುರುತು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಯಾವ ಮೀನು ತಿನ್ನಬಹುದೆಂದು ಸ್ಥಳೀಯರನ್ನು ಕೇಳಿ, ಚಿಕ್ಕ ಮೀನು ಆರಿಸಿ. ಹಲಾಲ್ ಮಾಂಸಕ್ಕೆ ಕಷ್ಟವಿಲ್ಲ. 1926ರಲ್ಲಿ ಸ್ಥಾಪನೆಯಾದ ಫಿಜಿ ಮುಸ್ಲಿಂ ಲೀಗ್ ಇದೆ, ಊರೂರಲ್ಲಿ ಮಸೀದಿಗಳಿವೆ. ಅವರಾಡುವ ಫಿಜಿ ಹಿಂದಿ ನಮ್ಮ ದಖ್ಖನಿ ಬಲ್ಲವರಿಗೆ ಅರ್ಧಕ್ಕರ್ಧ ಅರ್ಥವಾಗುತ್ತದೆ.

ಮೂಲನಿವಾಸಿಗಳ ಹಳ್ಳಿಗೆ ಯಾರಾದರೂ ಕರೆದರೆ ಮೈ ಮುಚ್ಚುವ ಉಡುಪು ಬೇಕು, ನಮ್ಮವರಿಗೆ ಅದು ಹೊಸತಲ್ಲ. ಆದರೆ ಅಲ್ಲಿ ತಲೆಯ ಮೇಲೆ ಟೋಪಿ ಇಡುವುದು ಮುಖ್ಯಸ್ಥನಿಗೆ ಅಗೌರವ. ನಮಾಝಿನ ಟೋಪಿ ಧರಿಸುವವರು ಇದು ಧರ್ಮದ ಕಾರಣಕ್ಕೆ ಎಂದು ಆತಿಥೇಯರಿಗೆ ಮೊದಲೇ ತಿಳಿಸಿಬಿಡಿ. ಮಕ್ಕಳ ತಲೆ ಸವರುವುದೂ ಸಲ್ಲದು. ಅತಿಥಿಗಳು ಯಾಂಗೋನಾ, ಅಂದರೆ ಕಾವಾ ಬೇರನ್ನು ಕಾಣಿಕೆಯಾಗಿ ಕೊಡುವುದು ವಾಡಿಕೆ. ಅದನ್ನು ನೀರಿನಲ್ಲಿ ಕಿವುಚಿ ಎಲ್ಲರಿಗೂ ಹಂಚುತ್ತಾರೆ. ಕರಿಮೆಣಸು, ವೀಳ್ಯದೆಲೆಯ ಕುಲದ ಗಿಡ, ಮದ್ಯವಲ್ಲ. ಆದರೆ ನಾಲಗೆ ಮರಗಟ್ಟಿಸಿ ಮಂಪರು ತರುತ್ತದೆ. ಕುಡಿಯಬಹುದೇ ಎಂಬುದನ್ನು ನಿಮ್ಮ ಆಲಿಮರನ್ನು ಕೇಳಿ. ವೈದ್ಯನಾಗಿ ಹೇಳುವುದಾದರೆ ಯಕೃತ್ತಿಗೆ ಹಾನಿಯಾದ ಪ್ರಕರಣಗಳಿವೆ. ದಿನವೂ ಮಾತ್ರೆ ನುಂಗುವವರು, ಗರ್ಭಿಣಿಯರು ಬೇಡ. ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಎಂದು ನಯವಾಗಿ ಹೇಳಿ.

ದೊಡ್ಡ ಆಸ್ಪತ್ರೆಗಳು ಸುವಾ ಮತ್ತು ಲೌಟೋಕಾದಲ್ಲಿವೆ, ದೂರದ ದ್ವೀಪಗಳಿಂದ ಅಲ್ಲಿಗೆ ಮುಟ್ಟುವುದೇ ಕಷ್ಟ. ರೋಗಿಯನ್ನು ಬೇರೆ ದೇಶಕ್ಕೆ ಸಾಗಿಸುವ ಖರ್ಚನ್ನೂ ಭರಿಸುವ ಪ್ರಯಾಣ ವಿಮೆ ಮಾಡಿಸಿ. ಮೊದಲಿನಿಂದ ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ, ಕ್ಲೇಮ್ ನಿಂತುಹೋಗುತ್ತದೆ.

ಕಳೆದ ವಾರ ಖಾಲಾ ಕಡೆಯ ಬಾರಿ ಬಂದು ಪೆಟ್ಟಿಗೆಯ ಪಟ್ಟಿ ತೋರಿಸಿದರು. ಇನ್ಸುಲಿನ್, ಸೂಜಿ, ಮಂಡಿಗೆ ಹಚ್ಚುವ ಮುದ್ರಿತ ಡಬ್ಬಿಯ ಎಣ್ಣೆ, ಕೂಸಿಗೆ ಹೊಲಿದ ಹತ್ತಿಯ ಅಂಗಿಗಳು. ಮೊಮ್ಮಗಳ ಕಾರ್ಡಿನಲ್ಲಿ ಖಾಲಿ ಇದ್ದ ಜಾಗಕ್ಕೆ ದಿನಾಂಕ, ಸಹಿ ಬಿದ್ದಿತ್ತು. "ತುಪ್ಪ ಅಲ್ಲೇ ಕಾಯಿಸ್ತೀನಿ" ಎಂದರು.