ಕನ್ಯಾಕುಮಾರಿಗೆ ಕಾರಿನಲ್ಲಿ ಹೊರಟಿರಾ? ದಾರಿ ನೀವೇ ಆರಿಸಿ

ಮಕ್ಕಳಿಗೆ ರಜೆ ಸಿಕ್ಕಿತೆಂದರೆ ಸಾಕು, ಮನೆಯಲ್ಲಿ ಪ್ರವಾಸದ ಮಾತು ಶುರು. ಎಲ್ಲಿಗೆ ಅನ್ನೋದನ್ನು ಮಕ್ಕಳು ಹೇಳುತ್ತಾರೆ, ಎಷ್ಟು ದಿನ ಅನ್ನೋದನ್ನು ಯಜಮಾನರ ಆಫೀಸು ಹೇಳುತ್ತದೆ. ಬ್ಯಾಗು ತುಂಬುವುದು, ಕೋಡುಬಳೆ ಕರಿಯುವುದು, ಹಾಲಿನವನಿಗೆ ಪೇಪರಿನವನಿಗೆ ಹೇಳಿಬರುವುದು ನಮ್ಮ ಪಾಲು. ಆದರೆ ಯಾವ ರಸ್ತೆಯಲ್ಲಿ ಹೋಗಬೇಕು ಅನ್ನುವ ಪ್ರಶ್ನೆ ಬಂದಾಗ ಮಾತ್ರ ನಮ್ಮನ್ನು ಯಾರೂ ಕೇಳುವುದಿಲ್ಲ. ಗಂಡಸರು ಮೊಬೈಲ್ ತೆಗೆದು ಎಷ್ಟು ಕಿಲೋಮೀಟರು, ಎಷ್ಟು ಗಂಟೆ ಅಂತ ನೋಡಿ 'ಇದೇ ಶಾರ್ಟ್' ಎಂದುಬಿಡುತ್ತಾರೆ. ನಾವೂ 'ಹೂಂ' ಅಂತೀವಿ.

ಗೆಳತಿಯರೇ, ಈ ಸಲ ಹಾಗೆ ಹೂಂಗುಟ್ಟಬೇಡಿ. ಹಿಂದಿನ ಸೀಟಿನಲ್ಲಿ ಕೂತು ಅತ್ತೆಯ ಮಂಡಿನೋವು, ಮಗುವಿನ ವಾಂತಿ ಎಲ್ಲವನ್ನೂ ನಿಭಾಯಿಸುವವರು ನಾವೇ ತಾನೇ? ಬೆಂಗಳೂರಿನಿಂದ ಕನ್ಯಾಕುಮಾರಿ ಸುಮಾರು 680 ಕಿಲೋಮೀಟರು. ಅಷ್ಟು ದೂರದ ದಾರಿಯನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟು ಬೇಗ ತಲುಪುತ್ತೇವೆ' ಅಂತ ಅಲ್ಲ, 'ಎಲ್ಲೆಲ್ಲಿ ನಿಲ್ಲಿಸಬಹುದು' ಅಂತ.

ಇರುವ ದಾರಿಗಳು ಮುಖ್ಯವಾಗಿ ಮೂರು. ಹೊಸೂರು, ಕೃಷ್ಣಗಿರಿ, ಸೇಲಂ, ಮದುರೈ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ಮೊದಲನೆಯದು. ಹಿರಿಯರು ಇನ್ನೂ 'ಸೆವೆನ್ ಹೈವೇ' ಅಂತಲೇ ಕರೆಯುತ್ತಾರೆ, ನಂಬರು ಬದಲಾಗಿದ್ದು 2010ರಲ್ಲಿ. ಎರಡನೆಯದು ಚಾಮರಾಜನಗರ, ದಿಂಬಂ ಘಾಟಿ, ಸತ್ಯಮಂಗಲದ ಕಾಡಿನ ದಾರಿ. ಮೂರನೆಯದು ಸೇಲಂನಿಂದ ಬಲಕ್ಕೆ ತಿರುಗಿ ಕೊಯಮತ್ತೂರು, ಪಾಲಕ್ಕಾಡ್, ಕೊಚ್ಚಿ, ತಿರುವನಂತಪುರದ ಮೇಲೆ ಕೇರಳದೊಳಗೇ ಇಳಿಯುವುದು.

ಕೇರಳದ ದಾರಿಯನ್ನು ಮೊದಲೇ ಬದಿಗಿಡೋಣ. ನೂರು ಕಿಲೋಮೀಟರಿಗೂ ಹೆಚ್ಚು ಸುತ್ತು. ಅಲ್ಲಿ ಒಂದು ಊರು ಮುಗಿಯುವಷ್ಟರಲ್ಲಿ ಇನ್ನೊಂದು ಊರು, ಕಾರು ಓಡುವುದೇ ಕಮ್ಮಿ. ಮಂಗಳೂರು ಕಡೆಯವರಿಗೆ ಕರಾವಳಿಯ 66ನೇ ಹೆದ್ದಾರಿ ಹತ್ತಿರವೇ. ಆದರೆ ಅದನ್ನು ಅಗಲ ಮಾಡುವ ಕೆಲಸದಲ್ಲಿ ಏನೇನಾಯಿತು ಅಂತ ನೀವೂ ಓದಿರಬಹುದು. 2025ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ ಹೊಸದಾಗಿ ಕಟ್ಟಿದ ರಸ್ತೆಯೇ ಕುಸಿದಿತ್ತು. ಆ ಕಡೆ ಹೊರಡುವವರು ಅಲ್ಲಿರುವ ನೆಂಟರಿಗೋ ಸ್ನೇಹಿತರಿಗೋ ಫೋನ್ ಮಾಡಿ ರಸ್ತೆ ಹೇಗಿದೆ ಅಂತ ಕೇಳಿಕೊಂಡೇ ಹೊರಡಿ. ನನ್ನನ್ನು ಕೇಳಿದರೆ ಕೇರಳವನ್ನು ಇನ್ನೊಂದು ರಜೆಗೆ ಇಟ್ಟುಕೊಳ್ಳಿ. ಕನ್ಯಾಕುಮಾರಿಗೆ ಹೋಗುವ ಅವಸರದಲ್ಲಿ ಅದನ್ನು ಕಿಟಕಿಯಲ್ಲಿ ನೋಡಿ ಮುಗಿಸುವುದು ಅನ್ಯಾಯ.

ದಿಂಬಂ ದಾರಿಗೆ ಮನಸ್ಸು ಸೋಲದವರು ಯಾರು? ಮೈಸೂರಿನ ಗೆಳತಿಯರಿಗಂತೂ ಅದು ಪಕ್ಕದ ಬೀದಿ ಇದ್ದಂತೆ. ಹಾಸನೂರು, ತಾಳವಾಡಿ ಕಡೆ ತಮಿಳುನಾಡಾದರೂ ಕನ್ನಡ ಕಿವಿಗೆ ಬೀಳುತ್ತದೆ. ಕಬ್ಬಿನ ಲಾರಿಗಾಗಿ ಕಾಯುತ್ತಾ ರಸ್ತೆ ಪಕ್ಕ ನಿಲ್ಲುವ ಆನೆಗಳನ್ನು ನೋಡಿದರೆ ಮಕ್ಕಳಿಗೆ ಜೀವಮಾನದ ನೆನಪು. ಆದರೆ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಮನೆಯಲ್ಲಿ ವಾಂತಿ ಮಾಡಿಕೊಳ್ಳುವ ಮಗು ಇದ್ದರೆ ಏಳನೇ ತಿರುವಿಗೇ ನಿಮ್ಮ ಸೀರೆ ಸೆರಗು ಹೋಯಿತು! ಕಾಡಿನೊಳಗೆ ಇಳಿಯುವ ಹಾಗಿಲ್ಲ, ಹುಲಿ ಸಂರಕ್ಷಿತ ಪ್ರದೇಶ ಅದು. 2022ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದ ನಂತರ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂತು. ಹಾಗಾಗಿ ಬೆಳಕಿರುವಾಗಲೇ ದಾಟಿಕೊಳ್ಳಬೇಕು. ಚಿಕ್ಕ ಮಕ್ಕಳು, ವಯಸ್ಸಾದವರು ಇಲ್ಲದ ಸಂಸಾರವಾದರೆ ಸಂತೋಷವಾಗಿ ಹೋಗಿ. ಇಲ್ಲವಾದರೆ ಬೇಡ.

ನನ್ನ ಓಟು 44ಕ್ಕೇ. ಅದು ಸುಂದರವಾದ ದಾರಿ ಅಂತ ಹೇಳಲಾರೆ. ಮದುರೈ ಆಚೆಯಂತೂ ಬಿಸಿಲು, ಜಾಲಿ, ನೆಟ್ಟಗಿನ ರಸ್ತೆ, ಅಷ್ಟೆ. ಆದರೆ ಈ ಊರುಗಳ ಸಾಲು ನೋಡಿ: ಕೃಷ್ಣಗಿರಿ, ಧರ್ಮಪುರಿ, ಸೇಲಂ, ನಾಮಕ್ಕಲ್, ಕರೂರು, ದಿಂಡಿಗಲ್, ಮದುರೈ, ವಿರುದುನಗರ, ಕೋವಿಲ್‌ಪಟ್ಟಿ, ತಿರುನಲ್ವೇಲಿ. ಕೋವಿಲ್‌ಪಟ್ಟಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಜಿಲ್ಲಾ ಕೇಂದ್ರಗಳು. ಅಂದರೆ ಮಾವನವರಿಗೆ ಎದೆ ಹಿಡಿದಂತಾಯಿತು, ಮಗುವಿಗೆ ಜ್ವರ ಬಂತು ಅಂದರೆ ಸ್ವಲ್ಪ ಹೊತ್ತಿನಲ್ಲೇ ಒಂದು ದೊಡ್ಡ ಆಸ್ಪತ್ರೆ ಸಿಗುತ್ತದೆ. ಮೊಬೈಲಿನ ಮ್ಯಾಪು ಈ ಲೆಕ್ಕ ತಾನಾಗಿ ತೋರಿಸುವುದಿಲ್ಲ.

ನೀರು ಕುಡಿಯದ ಪ್ರಯಾಣ

ಈಗ ಯಾರೂ ಬಾಯಿಬಿಟ್ಟು ಹೇಳದ ವಿಷಯಕ್ಕೆ ಬರೋಣ. ಪ್ರವಾಸ ಹೊರಟ ದಿನ ನಮ್ಮಲ್ಲಿ ಎಷ್ಟು ಹೆಂಗಸರು ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ! 'ಮಧ್ಯದಲ್ಲಿ ನಿಲ್ಲಿಸು ಅಂತ ಯಾರು ಕೇಳೋದು' ಎಂಬ ಸಂಕೋಚ. ನಮ್ಮ ನಾದಿನಿ ಒಮ್ಮೆ ಹೀಗೇ ಬೆಂಗಳೂರಿನಿಂದ ಮದುರೈವರೆಗೆ ಎರಡು ಗುಟುಕು ಕಾಫಿಯಲ್ಲೇ ಕಳೆದಳು. ಅವಳಿಗೆ ಮೊದಲೇ ಸಕ್ಕರೆ ಕಾಯಿಲೆ. ಸಂಜೆ ಮೀನಾಕ್ಷಿ ದರ್ಶನಕ್ಕೆ ಎಲ್ಲರೂ ರೆಡಿಯಾದರೆ ಇವಳಿಗೆ ಉರಿಮೂತ್ರ, ಚಳಿ ಜ್ವರ. ದೇವಸ್ಥಾನಕ್ಕೆ ಹೋಗಬೇಕಾದ ಸಂಜೆ ಡಾಕ್ಟರ ಬಳಿ ಕಳೆಯಿತು. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಕೂತರೆ ಸೋಂಕಾಗುವ ಸಂಭವ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೂ ಹೆಚ್ಚು. ದಾರಿ ಆರಿಸುವಾಗ ನಾನು ಇದಕ್ಕೇ ಮೊದಲ ಸ್ಥಾನ ಕೊಡುವುದು.

ಒಂದೂವರೆ, ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಲೇಬೇಕು ಅಂತ ಹೊರಡುವ ಮೊದಲೇ ಮಾತಾಡಿಕೊಳ್ಳಿ. ಆಗ ಪ್ರತಿ ಸಲ ಕೇಳುವ ಸಂಕೋಚ ಇರುವುದಿಲ್ಲ. ದೊಡ್ಡ ಸಸ್ಯಾಹಾರಿ ಹೋಟೆಲುಗಳ ಶೌಚಾಲಯ ಬೆಳಗ್ಗೆ ಹನ್ನೊಂದರ ಒಳಗೆ ಚೊಕ್ಕಟವಾಗಿರುತ್ತದೆ, ಊಟದ ನೂಕುನುಗ್ಗಲಿನ ನಂತರ ದೇವರೇ ಗತಿ. ಇಬ್ಬರು ಹೆಂಗಸರು ಮೊದಲು ಇಳಿದು ನೋಡಿ ಬನ್ನಿ, ಆಮೇಲೆ ತಿಂಡಿ ಆರ್ಡರ್ ಮಾಡಿ. ಮಂಡಿನೋವಿನವರಿದ್ದರೆ ವೆಸ್ಟರ್ನ್ ಕಮೋಡ್ ಇದೆಯಾ ಅಂತ ಕೇಳಲು ನಾಚಿಕೆ ಬೇಡ. ಇನ್ನೊಂದು ಮಾತು. ಈ ಹೆದ್ದಾರಿಯಲ್ಲಿ ಮಧ್ಯೆ ಡಿವೈಡರ್ ಇದೆ. ಆಚೆ ಬದಿಯ ಒಳ್ಳೆ ಹೋಟೆಲು ಕಣ್ಣಿಗೆ ಕಂಡರೂ ಹೋಗಲಾಗದು, ಯೂ ಟರ್ನ್ ಹುಡುಕಬೇಕು. ಹಾಗಾಗಿ ನಿಮ್ಮ ಎಡಬದಿಯಲ್ಲೇ ಇರುವ ಎರಡು ಮೂರು ಜಾಗ ಮೊದಲೇ ಗುರುತು ಹಾಕಿಕೊಳ್ಳಿ. ಕರೂರು ಬಿಟ್ಟ ಮೇಲೆ ದಿಂಡಿಗಲ್‌ವರೆಗೆ ದೊಡ್ಡ ಊರಿಲ್ಲ, ಕರೂರಿನಲ್ಲೇ ಎಲ್ಲ ಮುಗಿಸಿಕೊಂಡರೆ ನಿಶ್ಚಿಂತೆ.

ಒಂದೇ ದಿನದಲ್ಲಿ ಬೇಡ

'ಬೆಳಗ್ಗೆ ಹೊರಟರೆ ರಾತ್ರಿ ಕನ್ಯಾಕುಮಾರಿ' ಅಂತ ಯಜಮಾನರು ಹುರುಪಿನಲ್ಲಿ ಹೇಳಿದರೆ ಒಪ್ಪಬೇಡಿ. ರಾತ್ರಿ ಹೊರಟು ಬೆಳಗ್ಗೆ ತಲುಪೋಣ ಅಂದರಂತೂ ಖಂಡಿತಾ ಬೇಡ. ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ ಬರುತ್ತದೆ. ನಮಗೆ ಅದು ಇಳಿಜಾರು. ಭಾರ ಹೊತ್ತ ಲಾರಿಗಳ ಬ್ರೇಕ್ ಹಿಡಿಯದೆ ಅಲ್ಲಿ ಆಗಿರುವ ಅಪಘಾತಗಳಿಗೆ ಲೆಕ್ಕವಿಲ್ಲ. ಅದನ್ನು ಹಗಲಿನಲ್ಲೇ, ಕಡಿಮೆ ಗೇರಿನಲ್ಲೇ ಇಳಿಯಬೇಕು. ಪೆಟ್ರೋಲು ಉಳಿಸುತ್ತೇನೆಂದು ನ್ಯೂಟ್ರಲ್‌ಗೆ ಹಾಕುವ ಜಾಣರು ನಿಮ್ಮ ಮನೆಯಲ್ಲೂ ಇದ್ದರೆ ಒಂದು ಕಣ್ಣಿಟ್ಟಿರಿ.

ಬೆಳಗ್ಗೆ ಐದಕ್ಕೆ ಮನೆ ಬಿಟ್ಟರೆ ಎಲೆಕ್ಟ್ರಾನಿಕ್ ಸಿಟಿ, ಹೊಸೂರಿನ ಜಾತ್ರೆ ಶುರುವಾಗುವ ಮೊದಲೇ ಪಾರಾಗುತ್ತೀರಿ. ಸೇಲಂ ಸುಮಾರು 200 ಕಿಲೋಮೀಟರು, ಒಂಬತ್ತು ಒಂಬತ್ತೂವರೆಗೆ ತಿಂಡಿ ಅಲ್ಲೇ. ನಾಮಕ್ಕಲ್‌ನಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ಹೋದರೆ ನರಸಿಂಹನಿಗೆ ಎದುರಾಗಿ ಕೈಮುಗಿದು ನಿಂತ ಹದಿನೆಂಟು ಅಡಿಯ ಆಂಜನೇಯ. ಅವನ ಮೇಲೆ ಸೂರಿಲ್ಲ, ಮಳೆ ಬಿಸಿಲು ಎರಡೂ ಅವನಿಗೇ. ಕಾಲು ಚಾಚಲು ಒಳ್ಳೆಯ ನೆಪ. ಅಲ್ಲಿಂದ ಕರೂರಿಗೆ ಹೋಗುವಾಗ ಸೇತುವೆ ಮೇಲೆ ಮಕ್ಕಳಿಗೆ ಹೊಳೆ ತೋರಿಸಿ, ನಮ್ಮ ಕೊಡಗಿನ ಕಾವೇರಿಯೇ ಅದು.

ಮಧ್ಯಾಹ್ನ ಎರಡು ಎರಡೂವರೆಗೆ ಮದುರೈ. ಆ ಹೊತ್ತಿಗೆ ಮೀನಾಕ್ಷಿ ಗುಡಿ ಬಾಗಿಲು ಹಾಕಿರುತ್ತದೆ, ಅದೂ ಒಳ್ಳೆಯದೇ. ರೂಮಿನಲ್ಲಿ ಸ್ನಾನ ಮಾಡಿ, ಒಂದು ನಿದ್ದೆ ತೆಗೆದು, ಸಂಜೆ ಹೋಗಿ. ಗುಡಿಯೊಳಗೆ ಮೊಬೈಲು 2018ರಿಂದ ನಿಷೇಧ, ರೂಮಿನಲ್ಲೇ ಬಿಟ್ಟು ಹೋಗುವುದು ಸುಲಭ. ಮರುದಿನ ಉಳಿಯುವುದು ಸುಮಾರು 245 ಕಿಲೋಮೀಟರು ಮಾತ್ರ. ಈ ಭಾಗದಲ್ಲಿ ರಸ್ತೆ ನೆಟ್ಟಗಿರುವುದೇ ಅಪಾಯ, ಓಡಿಸುವವರಿಗೆ ತೂಕಡಿಕೆ ಬರುತ್ತದೆ. ಪಕ್ಕದ ಸೀಟಿನಲ್ಲಿ ನೀವು ಕೂತು ಮಾತಾಡಿಸುತ್ತಿರಿ, ನಿದ್ದೆ ಮಾಡಬೇಡಿ. ಕೋವಿಲ್‌ಪಟ್ಟಿಯಲ್ಲಿ ಕಡಲೆ ಮಿಠಾಯಿಗೆ ನಿಲ್ಲಿಸಿ, 2020ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿದೆ. ತಿರುನಲ್ವೇಲಿ ದಾಟಿದ ಮೇಲೆ ಸಾಲು ಸಾಲು ಗಾಳಿಯಂತ್ರ ಕಂಡವೆಂದರೆ ಸಮುದ್ರ ಹತ್ತಿರ ಬಂತು ಅಂತ. ಬೇಗ ತಲುಪಿದರೆ ವಿವೇಕಾನಂದ ಶಿಲೆಯ ದೋಣಿ ಕ್ಯೂಗೆ ಅವತ್ತೇ ನಿಂತುಬಿಡಬಹುದು. ಅಲ್ಲಿಂದ ತಿರುವಳ್ಳುವರ್ ಪ್ರತಿಮೆಗೆ ನಡೆದುಹೋಗಲು 2024ರ ಡಿಸೆಂಬರ್ 30ರಂದು ಗಾಜಿನ ಸೇತುವೆ ಉದ್ಘಾಟನೆಯಾಯಿತು.

ಯಾವಾಗ ಹೋಗಬೇಕೆನ್ನುವುದೂ ದಾರಿಯಷ್ಟೇ ಮುಖ್ಯ. ಸಂಕ್ರಾಂತಿ ಆಸುಪಾಸಿನಲ್ಲಿ ತಮಿಳರಿಗೆ ಪೊಂಗಲ್, ಇಡೀ ರಾಜ್ಯವೇ ರಸ್ತೆಯ ಮೇಲಿರುತ್ತದೆ. ನವೆಂಬರಿನಿಂದ ಜನವರಿವರೆಗೆ ಅಯ್ಯಪ್ಪ ಭಕ್ತರ ಗಾಡಿಗಳು. ರೂಮು ಬುಕ್ ಮಾಡದೆ ಆ ದಿನಗಳಲ್ಲಿ ಹೊರಡಬೇಡಿ.

ಟೋಲಿನ ವಿಷಯ ಗಂಡಸರಿಗೇ ಬಿಡಿ ಅಂತೀರಾ? ಮನೆ ಖರ್ಚಿನ ಲೆಕ್ಕ ನಮ್ಮದಲ್ಲವೇ! ಈ ದಾರಿಯಲ್ಲಿ ಟೋಲ್‌ಗೇಟುಗಳು ಬೇಕಾದಷ್ಟಿವೆ. ಸ್ವಂತ ಕಾರಿನವರಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ, ಶುರುವಾದಾಗ 3000 ರೂಪಾಯಿಗೆ 200 ಸಲ ಗೇಟು ದಾಟಬಹುದಿತ್ತು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಮಾತ್ರ ನಡೆಯುತ್ತದೆ. ವರ್ಷಕ್ಕೆರಡು ಸಲ ದೂರ ಹೋಗುವ ಮನೆಗೆ ಲಾಭವೇ, ಇದೊಂದೇ ಪ್ರವಾಸವಾದರೆ ಲೆಕ್ಕ ಹಾಕಿ ನೋಡಿ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ಆಂಬುಲೆನ್ಸ್‌ಗೆ 108. ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸಿ, ಮೊಬೈಲಿನ ಚಾರ್ಜು ಮುಗಿದರೆ ಬೇರೆಯವರ ಫೋನಿನಿಂದಲಾದರೂ ಮಾಡಬಹುದು.