ಅಣ್ಣಿಗೇರಿಯ ಕಲ್ಲಿಗೆ ಎರಡು ಪ್ರಶ್ನೆ

ಕಾಲೇಜಿನ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಜಗಳ ಮತ್ತೆ ಮತ್ತೆ ಬರುತ್ತವೆ. ಒಂದು, "ಕನ್ನಡ ಲಿಪಿ ತಮಿಳಿನಿಂದ ಬಂದಿದ್ದು" ಅನ್ನೋದು. ಇನ್ನೊಂದು, "ಜ್ಯೋತಿಷ್ಯ ವೇದಕಾಲದಿಂದ ಹೀಗೇ ಇದೆ, ಪೂರ್ತಿ ನಮ್ಮದೇ" ಅನ್ನೋದು. ಎರಡನ್ನೂ ಪರೀಕ್ಷೆ ಮಾಡೋಕೆ ನಮ್ಮ ಧಾರವಾಡ ಜಿಲ್ಲೆಯ ಅಣ್ಣಿಗೇರಿಯೇ ಒಳ್ಳೆ ಲ್ಯಾಬ್. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿರುವ ಈ ಊರು ಒಂದು ಕಾಲಕ್ಕೆ ಬೆಳ್ವೊಲ ಮುನ್ನೂರರ ರಾಜಧಾನಿ. ಆದಿಕವಿ ಪಂಪನ ಊರು ಅಂತಲೂ ಹೆಸರು. ಇಲ್ಲಿ ಎಂಟನೇ ಶತಮಾನದ ಬಾದಾಮಿ ಚಾಲುಕ್ಯರ ಶಾಸನ ಇದೆ, ಹನ್ನೊಂದನೇ ಶತಮಾನದ ಅಮೃತೇಶ್ವರ ದೇವಸ್ಥಾನವೂ ಇದೆ.

ಮೊದಲನೇ ಪ್ರಶ್ನೆ: ಲಿಪಿ

ನಮ್ಮ ರಾಜ್ಯದಲ್ಲಿ ಓದಲು ಸಿಗುವ ಅತಿ ಹಳೆಯ ಬರಹ ಅಶೋಕನದು. ಮಸ್ಕಿ, ಕೊಪ್ಪಳ, ಬ್ರಹ್ಮಗಿರಿಯ ಬಂಡೆಗಳ ಮೇಲೆ ಕ್ರಿ.ಪೂ. 3ನೇ ಶತಮಾನದಲ್ಲಿ ಕೆತ್ತಿದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅತ್ತ ಮದುರೆಯ ಸುತ್ತ ಮಾಂಗುಳಂನಂಥ ಗುಹೆಗಳಲ್ಲಿ ಇದೇ ಬ್ರಾಹ್ಮಿಯಲ್ಲಿ ತಮಿಳು ಬರೆದರು. ಅದನ್ನೇ ತಮಿಳು-ಬ್ರಾಹ್ಮಿ ಅಂತಾರೆ. ಪ್ರಾಕೃತದಲ್ಲಿ ಇಲ್ಲದ ೞ, ಱ ಮುಂತಾದ ಸದ್ದುಗಳಿಗೆ ಅವರು ಹೊಸ ಅಕ್ಷರ ಮಾಡಿಕೊಂಡರು. ತಮಿಳಿಗೆ ಬೇಡವಾದ ಖ, ಘ, ಥ, ಧ ಅಕ್ಷರಗಳನ್ನು ಕೈಬಿಟ್ಟರು.

ಈಗ ಲಾಜಿಕ್ ನೋಡಿ. ಕನ್ನಡ ಲಿಪಿ ತಮಿಳು ಲಿಪಿಯಿಂದಲೇ ಹುಟ್ಟಿದ್ದರೆ ನಮಗೆ ಖ, ಘ, ಥ, ಧ ಎಲ್ಲಿಂದ ಬಂತು? ತಾಯಿಯ ಹತ್ತಿರ ಇಲ್ಲದ್ದನ್ನು ಮಗಳು ಪಡೆಯೋಕೆ ಆಗಲ್ಲ. ನಮ್ಮ ಅಕ್ಷರಗಳು ಬಂದ ದಾರಿ ಬೇರೆ: ಬ್ರಾಹ್ಮಿ, ಶಾತವಾಹನರ ಕಾಲದ ಬ್ರಾಹ್ಮಿ, ಕದಂಬರ ಲಿಪಿ, ಆಮೇಲೆ ಬಾದಾಮಿ ಚಾಲುಕ್ಯರ ಲಿಪಿ. ತೆಲುಗು ಕೂಡ ನಮ್ಮ ಜೊತೆ ಇದೇ ದಾರಿಯಲ್ಲಿ ಬಂತು. ಹಳಗನ್ನಡ ಶಾಸನಗಳಲ್ಲಿ ೞ, ಱ ಎರಡೂ ಕಾಣುತ್ತವೆ. ಆ ಸದ್ದುಗಳು ಮಾತಿನಿಂದ ಹೋದ ಮೇಲೆ ಅಕ್ಷರಗಳೂ ಹೋದವು. ಒಟ್ಟಿನಲ್ಲಿ ಎರಡೂ ಲಿಪಿಗಳು ಅಕ್ಕ-ತಂಗಿ, ಇಬ್ಬರ ತಾಯಿ ಬ್ರಾಹ್ಮಿ. ಭಾಷೆಯ ವಿಷಯವೂ ಹೀಗೇ. ಕನ್ನಡ, ತಮಿಳು ಎರಡೂ ಒಂದು ಮೂಲ ದ್ರಾವಿಡದಿಂದ ಕವಲೊಡೆದವು. ಆದರೆ ಲಿಪಿ ಬೇರೆ, ಭಾಷೆ ಬೇರೆ. ಗ್ರೂಪಿನ ಅರ್ಧ ಜಗಳ ಇವೆರಡನ್ನೂ ಒಂದೇ ಮಾಡೋದರಿಂದ ಹುಟ್ಟುತ್ತೆ.

ಎರಡನೇ ಪ್ರಶ್ನೆ: ಜ್ಯೋತಿಷ್ಯ

ಗಾವರವಾಡ ಮತ್ತು ಅಣ್ಣಿಗೇರಿಯಲ್ಲಿ ಸಿಕ್ಕ ಕ್ರಿ.ಶ. 1071-72ರ ಶಾಸನ, ಚೋಳರು ಬೆಳ್ವೊಲ ನಾಡಿಗೆ ನುಗ್ಗಿ ಬಸದಿಗಳನ್ನು ಸುಟ್ಟ ಕಥೆ ಹೇಳುತ್ತದೆ. ಇಂಥ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ತಿಂಗಳು, ತಿಥಿ, ವಾರ ಬರೆಯೋದು ರೂಢಿ. ಸಂವತ್ಸರ ಚೆಕ್ ಮಾಡೋಕೆ ಒಂದು ಸುಲಭ ಸೂತ್ರ: ಶಕವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ, ಶೇಷ ನೋಡಿ. 1071ಕ್ಕೆ ಶಕ 993. 993+12=1005, ಶೇಷ 45. ಅಂದರೆ 45ನೇ ಸಂವತ್ಸರ, ವಿರೋಧಿಕೃತ್. 2025ರ ಯುಗಾದಿಗೆ ಶಕ 1947, ಶೇಷ 39, ವಿಶ್ವಾವಸು. ಗುರು ಗ್ರಹ ಐದು ಸುತ್ತು ಹಾಕೋಕೆ ಹೆಚ್ಚೂಕಡಿಮೆ 60 ವರ್ಷ ಬೇಕು, ಈ ಚಕ್ರದ ಮೂಲ ಅದು.

ಇದರಲ್ಲಿ ನಿಜವಾಗಿ ಹಳೆಯದು ಯಾವುದು? ವೇದಾಂಗ ಜ್ಯೋತಿಷದಲ್ಲಿ 27 ನಕ್ಷತ್ರ ಇವೆ, ಐದು ವರ್ಷದ ಯುಗ ಇದೆ. ಯಜ್ಞಕ್ಕೆ ಸರಿಯಾದ ಸಮಯ ಹುಡುಕೋದು ಅದರ ಕೆಲಸ. ಅದರಲ್ಲಿ ಹನ್ನೆರಡು ರಾಶಿ ಇಲ್ಲ, ಜನ್ಮಕುಂಡಲಿ ಇಲ್ಲ. ರಾಶಿಚಕ್ರ ಹುಟ್ಟಿದ್ದು ಬ್ಯಾಬಿಲೋನಿನಲ್ಲಿ. ಗ್ರೀಕರು ಅದಕ್ಕೆ ಲಗ್ನ, ಮನೆಗಳ ಲೆಕ್ಕ ಸೇರಿಸಿದರು. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಅದು ಇಲ್ಲಿಗೆ ಬಂತು. 'ಯವನಜಾತಕ' ಅನ್ನುವ ಹೆಸರಲ್ಲೇ ಯವನರಿದ್ದಾರೆ. ಆರನೇ ಶತಮಾನದ ವರಾಹಮಿಹಿರ ಕೂಡ ಈ ಶಾಸ್ತ್ರದಲ್ಲಿ ಯವನರಿಗೆ ಋಷಿಗಳಂಥ ಮರ್ಯಾದೆ ಇದೆ ಅಂತ ಬರೆದಿದ್ದಾನೆ.

ಪದಗಳೇ ಸಾಕ್ಷಿ. 'ಹೋರಾ' ಗ್ರೀಕಿನಿಂದ ಬಂದಿದ್ದು, ಇಂಗ್ಲಿಷಿನ 'ಅವರ್' ಅದರ ಸಂಬಂಧಿ. ಜಾತಕದ 'ಜಾಮಿತ್ರ' ನಮ್ಮ ಡ್ರಾಯಿಂಗ್ ಕ್ಲಾಸಿನ 'ಡಯಾಮೀಟರ್'. ನಾವು ದಿನಾ ಹೇಳುವ 'ಕೇಂದ್ರ', 'ಸೆಂಟರ್' ಎರಡೂ ಒಂದೇ ಗ್ರೀಕ್ ಪದದ ಮಕ್ಕಳು.

ವಾರಗಳ ಕ್ರಮವೂ ಹೋರಾ ಲೆಕ್ಕವೇ. ಗ್ರಹಗಳನ್ನು ನಿಧಾನದಿಂದ ವೇಗಕ್ಕೆ ಜೋಡಿಸಿ: ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ. ಗಂಟೆಗೊಂದು ಗ್ರಹ ಅಧಿಪತಿ. ದಿನಕ್ಕೆ 24 ಗಂಟೆ, 24ನ್ನು 7ರಿಂದ ಭಾಗಿಸಿದರೆ ಶೇಷ 3. ಹಾಗಾಗಿ ಮರುದಿನದ ಮೊದಲ ಗಂಟೆ ಮೂರು ಮನೆ ಮುಂದಿನ ಗ್ರಹಕ್ಕೆ. ಶನಿ ಆದ ಮೇಲೆ ಸೂರ್ಯ, ಆಮೇಲೆ ಚಂದ್ರ, ಆಮೇಲೆ ಮಂಗಳ! ಭಾರತದ ಶಾಸನಗಳಲ್ಲಿ ವಾರದ ಹೆಸರು ಬರುವ ಹಳೆಯ ಉದಾಹರಣೆ ಮಧ್ಯಪ್ರದೇಶದ ಏರಣದ್ದು, ಕ್ರಿ.ಶ. 484, ಗುರುವಾರ.

ಹೊಲದ ಪಂಚಾಂಗ

ನವಲಗುಂದ, ಕುಂದಗೋಳದ ಎರೆಹೊಲದ ರೈತರು ನಕ್ಷತ್ರ ಬಿಟ್ಟಿಲ್ಲ. ರೋಹಿಣಿ ಮಳೆ, ಮಿರಗ ಮಳೆ, ಆರಿದ್ರ ಮಳೆ ಅಂತ ನೋಡಿಯೇ ಬಿತ್ತನೆಯ ಮಾತು. ಇದು ಭವಿಷ್ಯ ಅಲ್ಲ, ಸೂರ್ಯನ ಕ್ಯಾಲೆಂಡರ್. 365 ದಿನವನ್ನು 27 ನಕ್ಷತ್ರಕ್ಕೆ ಹಂಚಿದರೆ ಒಂದೊಂದಕ್ಕೆ ಸುಮಾರು 13.5 ದಿನ.

ಆದರೆ ಇಲ್ಲೊಂದು ದೋಷ ಅಡಗಿದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ತಿರುಗುತ್ತದೆ. ಅದಕ್ಕೇ ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. 70 ವರ್ಷಕ್ಕೆ ಒಂದು ದಿನದ ವ್ಯತ್ಯಾಸ. ಅಣ್ಣಿಗೇರಿ ಶಾಸನದ ಕಾಲದಿಂದ ಈವರೆಗೆ ಸುಮಾರು 950 ವರ್ಷ, ಅಂದರೆ ಹದಿಮೂರುವರೆ ದಿನ, ಸರಿಯಾಗಿ ಒಂದು ನಕ್ಷತ್ರ! ಆಗ ಮಿರಗ ಕೂಡುತ್ತಿದ್ದ ಹೊತ್ತಿಗೆ ಈಗ ರೋಹಿಣಿ ಕೂಡುತ್ತದೆ. ಮುಂಗಾರು ಮಾತ್ರ ಋತುವಿನ ಲೆಕ್ಕವನ್ನೇ ನೋಡುತ್ತದೆ.

ಉತ್ತರಾಯಣವೂ ಹಾಗೇ. ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರ್ 22ರ ಸುಮಾರಿಗೆ, ನಾವು ಸಂಕ್ರಾಂತಿ ಮಾಡೋದು ಜನವರಿ 14-15ಕ್ಕೆ. 24 ದಿನದ ಅಂತರವನ್ನು 70ರಿಂದ ಗುಣಿಸಿ ಹಿಂದೆ ಹೋದರೆ ಸಿಗುವುದು ಕ್ರಿ.ಶ. 4ನೇ ಶತಮಾನದ ಆಸುಪಾಸು. ನಮ್ಮ ರಾಶಿಚಕ್ರ ಇಲ್ಲಿ ನೆಲೆಯೂರಿದ ಕಾಲವೂ ಹೆಚ್ಚೂಕಡಿಮೆ ಅದೇ. ಆಕಾಶವೇ ಟೈಮ್‌ಸ್ಟ್ಯಾಂಪ್ ಒತ್ತಿದೆ.

ಹಾಗಾದರೆ ಇದೆಲ್ಲ 'ನಮ್ಮದಲ್ಲ'ವಾ? ಹಾಗಲ್ಲ. ಹೊರಗಿಂದ ಬಂದ ಲೆಕ್ಕಕ್ಕೆ ಆರ್ಯಭಟ, ವರಾಹಮಿಹಿರರಂಥವರು ತಮ್ಮದನ್ನೂ ಸೇರಿಸಿದರು, ಬ್ರಾಹ್ಮಿಯನ್ನು ನಮ್ಮ ಕಲ್ಲುಕುಟಿಗರು ದುಂಡಗಿನ ಕನ್ನಡ ಮಾಡಿದ ಹಾಗೆ. ಬೆಲೆ ಇರುವುದು ತಂದದ್ದನ್ನು ಪರೀಕ್ಷೆ ಮಾಡಿ ತಿದ್ದುವುದರಲ್ಲಿ. ಪಂಚಾಂಗದ ಗ್ರಹಣ ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಗಣಿತ ತಿದ್ದುತ್ತಾರೆ. ಆದರೆ ಕುಜದೋಷ ಅಂತ ಒಳ್ಳೆ ಸಂಬಂಧ ಬಿಟ್ಟ ಮನೆಯಲ್ಲಿ, ಆ ಮಾತು ತಪ್ಪಾಗಿತ್ತಾ ಅಂತ ನೋಡುವ ದಾರಿಯೇ ಇಲ್ಲ. ಮನೆಯಲ್ಲಿ ಅಕ್ಕನದೋ ಅಣ್ಣನದೋ ಜಾತಕ ತೆಗೆದಾಗ ಈ ವ್ಯತ್ಯಾಸ ಹೇಳಬೇಕಾದವರು ನಾವೇ.

ಕೊನೆಗೆ ಒಂದು ಮಾತು. ಊರಿನ ಗುಡಿಯ ಮುಂದೆ ಅಕ್ಷರ ಇರುವ ಕಲ್ಲು ಕಂಡರೆ ಸುಣ್ಣ, ಎಣ್ಣೆ ಬಳಿಯೋಕೆ ಬಿಡಬೇಡಿ. ಫೋಟೋ ತೆಗೆದು ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯವರಿಗೆ ತೋರಿಸಿ. ಅದರಲ್ಲಿ ತಿಥಿ-ವಾರ ಇದ್ದರೆ ಲೆಕ್ಕ ನಾವು ಹಾಕೋಣ.