ಮುಳ್ಳು ಸುಳ್ಳು ಹೇಳಿದಾಗ

ಕೃಷ್ಣೆಯ ದಂಡೆಯ ಅಂಕಲಿ ಕಬ್ಬಿನ ಸೀಮೆ. ಬೇಸಿಗೆಯಲ್ಲಿ ಪಂಪ್‌ಸೆಟ್ ನಿಂತಿತೆಂದರೆ ರೈತನ ಅರ್ಧ ಜೀವ ಹೋದಂತೆ. ಮೋಟಾರು ರಿಪೇರಿಗೆ ಬಂದಾಗ ಮುಳ್ಳಿನ ಹಳೆಯ ಮಲ್ಟಿಮೀಟರು ‘ವೈಂಡಿಂಗ್ ಶಾರ್ಟ್ ಆಗಿದೆ’ ಎಂದು ತೋರಿಸಿದರೆ, ಹೊಸ ತಾಮ್ರದ ತಂತಿ ಸುತ್ತಿಸುವ ಖರ್ಚು ತಲೆಯ ಮೇಲೆ ಬಿತ್ತು. ಆದರೆ ಕೆಟ್ಟಿದ್ದು ಮೀಟರೇ ಆಗಿದ್ದರೆ?

ಈ ಮೀಟರುಗಳ ಹಿರಿಯಣ್ಣ ಅವೋಮೀಟರ್. ಆಂಪಿಯರ್, ವೋಲ್ಟ್, ಓಮ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅಳೆಯುವ ಇದು ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿಯ ಕೊಡುಗೆ. ಮಾರಾಟಕ್ಕೆ ಬಂದದ್ದು 1923ರಲ್ಲಿ. 1951ರ ‘ಮಾಡೆಲ್ 8’ರ ತಯಾರಿಕೆ ನಿಂತದ್ದು 2008ರಲ್ಲಿ.

ವೋಲ್ಟ್ ಅಳೆಯುವಾಗ ಮುಳ್ಳನ್ನು ತಳ್ಳುವುದು ಹೊರಗಿನ ವಿದ್ಯುತ್ತು. ಓಮ್ ಅಳೆಯಲು ಮಾತ್ರ ಮೀಟರು ತನ್ನ ಹೊಟ್ಟೆಯ ಸೆಲ್ಲನ್ನೇ ನಂಬಬೇಕು. ಆದ್ದರಿಂದ ವೋಲ್ಟ್ ಸರಿಯಾಗಿದ್ದು ಓಮ್ ಮಾತ್ರ ತಪ್ಪಿದರೆ ಮುಳ್ಳಿನ ಸುರುಳಿ ಕೆಟ್ಟಿಲ್ಲ ಎಂದೇ ಅರ್ಥ.

ಎಲ್ಲ ಓಮ್ ರೇಂಜುಗಳೂ ಸತ್ತಿದ್ದರೆ 1.5 ವೋಲ್ಟಿನ ಸೆಲ್ಲನ್ನೂ ಹಸಿರು ಕಿಲುಬು ಹಿಡಿದ ಅದರ ಪತ್ತಿಗಳನ್ನೂ ನೋಡಬೇಕು. 2019ರ ಮಹಾಪೂರ ಕಂಡ ಈ ನದಿತೀರದಲ್ಲಿ ತೇವಕ್ಕೇನು ಕೊರತೆ? ದೊಡ್ಡ ರೇಂಜು ಮಾತ್ರ ಸತ್ತಿದ್ದರೆ ಹೆಚ್ಚು ವೋಲ್ಟಿನ ಎರಡನೇ ಬ್ಯಾಟರಿ ಮುಗಿದಿರುತ್ತದೆ. ಮಾಡೆಲ್ 8ಕ್ಕೆ ಬೇಕಾದ 15 ವೋಲ್ಟಿನ ಬ್ಯಾಟರಿ ಸಿಗದಿದ್ದರೆ 3 ವೋಲ್ಟಿನ ಐದು ಬಿಲ್ಲೆ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರಾಯಿತು. ಚಿಕ್ಕ ರೇಂಜೊಂದೇ ತಪ್ಪುತ್ತಿದ್ದರೆ, ಯಾರೋ ಕರೆಂಟು ಇರುವಾಗಲೇ ಓಮ್ ಅಳೆಯಹೋಗಿ ಒಳಗಿನ ರೆಸಿಸ್ಟರನ್ನು ಸುಟ್ಟಿರಬಹುದು. ಅದು ಕಂದಿರುತ್ತದೆ. ಒಂದು ತುದಿಯ ಬೆಸುಗೆ ಬಿಡಿಸಿ ಡಿಜಿಟಲ್ ಮೀಟರಿನಲ್ಲಿ ಅಳೆದು, ನಕ್ಷೆಯಲ್ಲಿರುವ ಬೆಲೆಯದನ್ನೇ ಹಾಕಬೇಕು. ಸ್ವಿಚ್ಚಿನ ಕೊಳೆಗೆ ಸ್ಪಿರಿಟ್ಟು ಸಾಕು, ಉಜ್ಜುಕಾಗದ ಬೇಡ.

ಎಲ್ಲಕ್ಕಿಂತ ಮೋಸದ ದೋಷ ಇನ್ನೊಂದಿದೆ. ಪ್ರೋಬುಗಳನ್ನು ಕೂಡಿಸಿ ಗುಂಡಿ ತಿರುಗಿಸಿದರೆ ಮುಳ್ಳು ಸೊನ್ನೆಗೇ ಬರುತ್ತದೆ, ಅಳತೆ ಮಾತ್ರ ತಪ್ಪು. ಮೀಟರಿನ ಒಳರೋಧ ಎಷ್ಟೋ, ಅಷ್ಟು ಓಮಿಗೆ ಮುಳ್ಳು ಸ್ಕೇಲಿನ ನಡುವೆ ನಿಲ್ಲಬೇಕು. 20 ಓಮ್ ಒಳರೋಧದ ಮೀಟರಿನಲ್ಲಿ ಕಿಲುಬಿನಿಂದ 5 ಓಮ್ ಸೇರಿಕೊಂಡರೆ 20 ಓಮಿನ ರೆಸಿಸ್ಟರು 16 ಎಂದು ಕಾಣುತ್ತದೆ. ಕೆಲವೇ ಓಮಿನ ಒಳ್ಳೆಯ ವೈಂಡಿಂಗೂ ಹೀಗೇ ಕಡಿಮೆ ತೋರಿ ‘ಶಾರ್ಟ್’ ಎನಿಸಿಕೊಳ್ಳುತ್ತದೆ. 10 ಓಮಿನ ಎರಡು ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿ ಅಳೆದರೆ ಗುಟ್ಟು ಬಯಲು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮುಳ್ಳು ಡೊಂಕಾದಾಗ ಮೋಟಾರನ್ನು ದೂರುವುದೂ ಹಾಗೆಯೇ. ಎರಡು ರೆಸಿಸ್ಟರುಗಳ ಬೆಲೆ ಕೆಲವೇ ರೂಪಾಯಿ. ಅದನ್ನು ಉಳಿಸಹೋದರೆ ದಂಡ ತೆರುವವನು ರೈತ.